ಪ್ಲ್ಯಾಂಕ್ ಆಮೇಲೆ, ಮೊದಲು ಕಿಬ್ಬೊಟ್ಟೆಗೆ ಬೆರಳಿಡಿ

ಸೊಂಟ ಹಿಡಿದುಕೊಂಡ ಹೊಸತರಲ್ಲಿ ನಾನು ಹಟಕ್ಕೆ ಬಿದ್ದು ಮಾಡಿದ್ದು ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು. ಉಸಿರು ಬಿಗಿಹಿಡಿದು, ಗಡಿಯಾರ ನೋಡುತ್ತ ಎರಡು ನಿಮಿಷ. ಹೊಟ್ಟೆಯೇನೋ ಗಟ್ಟಿಯಾಯಿತು, ಆದರೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಬಗ್ಗಿದರೆ ಸೊಂಟ ಚಳಕ್ ಅನ್ನುವುದು ನಿಲ್ಲಲಿಲ್ಲ. ಫಿಸಿಯೋ ಮೇಡಂ ಅಂಗಾತ ಮಲಗಿಸಿ, "ಹೊಟ್ಟೆ ಬಿಗಿ ಮಾಡಿ" ಅಂದರು. ಮಾಡಿದೆ. "ಇಷ್ಟೊಂದಲ್ಲ, ಇದರ ಕಾಲುಭಾಗ ಸಾಕು."

ಆ ಕಾಲುಭಾಗ ಕಲಿಯಲು ನನಗೆ ಎರಡು ವಾರ ಹಿಡಿಯಿತು.

ಮಂಡಿ ಮಡಚಿ, ಪಾದ ನೆಲಕ್ಕೂರಿ ಮಲಗಿ. ಸೊಂಟದ ಮುಂದೆ ಎರಡೂ ಕಡೆ ಕೈಗೆ ಸಿಗುವ ಮೂಳೆಯ ತುದಿಯಿಂದ ಎರಡು ಬೆರಳಗಲ ಒಳಗೆ, ತುಸು ಕೆಳಗೆ ಬೆರಳೂರಿ. ಉಸಿರು ಹೊರಬಿಟ್ಟು, ಹೊಕ್ಕುಳಿನ ಕೆಳಭಾಗವನ್ನು ಮೆಲ್ಲಗೆ ಒಳಗೆಳೆಯಿರಿ, ಬಿಗಿಯಾದ ಪ್ಯಾಂಟಿನ ಜಿಪ್ ಏರಿಸುವಾಗ ಮಾಡುತ್ತೀರಲ್ಲ, ಹಾಗೆ. ಬೆರಳಡಿ ಬಟ್ಟೆ ಎಳೆದು ಕಟ್ಟಿದಂಥ ಬಿಗಿ ಸಿಕ್ಕರೆ ಸರಿ. ಉಬ್ಬಿ ಬೆರಳನ್ನೇ ತಳ್ಳಿದರೆ ಜೋರು ಹೆಚ್ಚಾಯಿತು, ಮೇಲ್ಪದರದ ಸ್ನಾಯುಗಳು ನುಗ್ಗಿವೆ. ಬಿಗಿ ಬಿಡದೆ, ಸಲೀಸಾಗಿ ಉಸಿರಾಡುತ್ತ 10 ಸೆಕೆಂಡು. ಹೀಗೆ 10 ಸಲ. ಉಸಿರು ನಿಂತರೆ ಆ ಸಲದ್ದು ಲೆಕ್ಕಕ್ಕಿಲ್ಲ.

ಬೆರಳಿಗೆ ಸಿಗುವುದು ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್, ಹೊಟ್ಟೆಯನ್ನು ಪಟ್ಟಿಯಂತೆ ಸುತ್ತುವ ಒಳಪದರ. 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಗಮನಿಸಿದ್ದು ಇದನ್ನೇ: ನೋವಿಲ್ಲದವರು ಕೈ ಎತ್ತುವ ಮೊದಲೇ ಈ ಸ್ನಾಯು ಬಿಗಿಯುತ್ತಿತ್ತು, ಸೊಂಟನೋವಿನವರಲ್ಲಿ ತಡವಾಗುತ್ತಿತ್ತು. ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಎಂಬ ಸ್ನಾಯು ಕೂಡ ನೋವಿನ ಕಡೆ ಸೊರಗುತ್ತದೆ, ನೋವು ಹೋದರೂ ತಾನಾಗಿ ತುಂಬಿಕೊಳ್ಳುವುದಿಲ್ಲ ಅನ್ನುವುದೂ ಅದೇ ವರ್ಷ ಪ್ರಕಟವಾಯಿತು. ಹಾಗಂತ ಈ ಒಳಗೆಳೆಯುವ ವ್ಯಾಯಾಮ ರಾಮಬಾಣವಲ್ಲ. ಬಹುಕಾಲದ ಸೊಂಟನೋವಿಗೆ ಉಳಿದ ವ್ಯಾಯಾಮಗಳಿಗಿಂತ ಇದು ತೀರಾ ಮೇಲು ಅಂತ ಆಮೇಲಿನ ಹೋಲಿಕೆಗಳಲ್ಲಿ ಕಂಡಿಲ್ಲ. ನಡಿಗೆ ನಿಮಗೆ ಒಗ್ಗಿದ್ದರೆ ಬಿಡಬೇಡಿ.

ಮಲಗಿ ಹಿಡಿತ ಬಂದಮೇಲೆ, ಅದೇ ಬಿಗಿಯಲ್ಲಿ ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಚಾಚಿ. ಸೊಂಟ ಕಮಾನಾದರೆ ಅಲ್ಲಿಗೇ ನಿಲ್ಲಿಸಿ.

ಮುಂದಿನದು ಬರ್ಡ್ ಡಾಗ್. ಅಂಬೆಗಾಲಿಡುವ ಮಗುವಿನ ಹಾಗೆ ಕೈ, ಮಂಡಿ ಊರಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಆಮೇಲೆ ಇನ್ನೊಂದು ಜೋಡಿ. ನಾನು ಸೊಂಟದ ಮೇಲೆ ಖಾಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಳ್ಳುತ್ತಿದ್ದೆ. ಮೊದಲ ದಿನ ಐದು ಸಲ ಬಿತ್ತು, ಐದೂ ಸಲ ಎಡಗಾಲು ಎತ್ತಿದಾಗಲೇ. ಯಾವ ಕಡೆ ಸೋಲುತ್ತಿದೆ ಅಂತ ಡಬ್ಬಿಯಷ್ಟು ನೇರವಾಗಿ ಇನ್ಯಾರೂ ಹೇಳಲಿಲ್ಲ. ಕಾಲು ಎತ್ತರಕ್ಕೆ ಹೋಗಬೇಕಿಲ್ಲ, ಡಬ್ಬಿ ಉಳಿದರೆ ಸಾಕು.

ಎದ್ದ ಕೂಡಲೇ ಸೊಂಟ ಬಗ್ಗಿಸುವ ವ್ಯಾಯಾಮ ಬೇಡ. ರಾತ್ರಿ ಬೆನ್ನಿನ ಡಿಸ್ಕ್‌ಗಳು, ಅಂದರೆ ಮೂಳೆಗಳ ನಡುವಿನ ಮೆತ್ತೆಗಳು, ನೀರು ಹೀರಿ ಉಬ್ಬಿರುತ್ತವೆ, ಮೊದಲು ಒಂದು ಗಂಟೆ ಓಡಾಡಿ. ತೊಡೆಸಂದಿನಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ ವ್ಯಾಯಾಮದ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ.

ಇನ್ನೊಂದು ಪೆದ್ದುತನವನ್ನೂ ಮಾಡಿದ್ದೆ. ಬಿಗಿ ಒಳ್ಳೆಯದು ಅಂತ ವಾರವಿಡೀ ಹೊಟ್ಟೆ ಎಳೆದುಕೊಂಡೇ ತಿರುಗಿದೆ. ಉಸಿರು ಮೇಲುಸಿರಾಗಿ ಪಕ್ಕೆ ಹಿಡಿಯಿತು. ಈಗ ಬಾಯಿ ಮುಕ್ಕಳಿಸಲು ಬಗ್ಗುವಾಗ, ಚೀಲ ಎತ್ತುವಾಗ ಒಂದು ಕ್ಷಣ ಒಳಗೆಳೆಯುತ್ತೇನೆ, ಆಮೇಲೆ ಬಿಟ್ಟುಬಿಡುತ್ತೇನೆ.