ತರಬೇತಿ ಕೇಂದ್ರದಿಂದ ಕೆಲಸದ ಜಾಗಕ್ಕೆ: ನನ್ನ ಅನುಭವ

ಸಮುದಾಯ ಮಾನಸಿಕ ಆರೋಗ್ಯ ತಂಡವೊಂದರಲ್ಲಿ ಉದ್ಯೋಗ ಬೆಂಬಲದ ಹೊಣೆ ಹೊತ್ತ ಮೊದಲ ಕೆಲವು ವರ್ಷ ನಾನು ಮಾಡಿಸಿದ್ದು ಬಹುಪಾಲು ತರಬೇತಿಯನ್ನೇ. ಸ್ಕಿಜೋಫ್ರೇನಿಯಾ (ಇಲ್ಲದ ದನಿಗಳು ಕೇಳಿಸುವಂಥ ಲಕ್ಷಣಗಳಿರುವ ಕಾಯಿಲೆ), ಬೈಪೋಲಾರ್ (ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಮುಂತಾದ ಮಾನಸಿಕ ಕಾಯಿಲೆಗಳಿಂದ ಚೇತರಿಸಿಕೊಳ್ಳುತ್ತಿದ್ದವರು ನಮ್ಮ ಕೇಂದ್ರದಲ್ಲಿ ಲಕೋಟೆ ಅಂಟಿಸುತ್ತಿದ್ದರು, ಟೈಪಿಂಗ್ ಕಲಿಯುತ್ತಿದ್ದರು. ಅವರು ಸಿದ್ಧರಾದ ಮೇಲೆ ಹೊರಗಿನ ಕೆಲಸಕ್ಕೆ ಕಳುಹಿಸೋಣ ಎಂದು ನಾವೆಲ್ಲ ನಂಬಿದ್ದೆವು. ಆ ಸಿದ್ಧತೆಯ ದಿನ ಹಲವರ ಪಾಲಿಗೆ ಬರಲೇ ಇಲ್ಲ. ನಾಲ್ಕು ವರ್ಷ ಲಕೋಟೆ ಅಂಟಿಸಿದ್ದ ಒಬ್ಬರು, “ನನಗೆ ಲಕೋಟೆ ಮಾಡುವ ಕೆಲಸ ಬೇಕೆಂದು ನಾನು ಯಾವತ್ತಾದರೂ ಕೇಳಿದ್ದೆನೇ ಮೇಡಂ?” ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಾಯಿಲೆ ಬೀಳುವ ಮೊದಲು ಅವರು ಗೋದಾಮೊಂದರಲ್ಲಿ ದಾಸ್ತಾನಿನ ಲೆಕ್ಕ ಬರೆಯುತ್ತಿದ್ದರು ಎಂಬುದು ನನಗೆ ತಿಳಿದದ್ದೇ ಆ ದಿನ.

ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ, ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಅಂದರೆ ಒಬ್ಬೊಬ್ಬರಿಗೂ ತಕ್ಕ ಕೆಲಸ ಕೊಡಿಸಿ ಬೆಂಬಲಿಸುವುದು) ಎಂದು ಕರೆಯಲಾಗುವ ವಿಧಾನವನ್ನು ನಾನು ಮನಸ್ಸಿಟ್ಟು ಓದಿದ್ದು ಆ ಪ್ರಶ್ನೆಯ ನಂತರವೇ. ಅದರಲ್ಲಿ ಮೊದಲು ಕೆಲಸ, ಕಲಿಕೆಯೆಲ್ಲ ಆ ಕೆಲಸದಲ್ಲಿದ್ದುಕೊಂಡೇ. ದುಡಿಯಬೇಕೆಂಬ ಇಚ್ಛೆಯೊಂದೇ ಅರ್ಹತೆ. ರೋಗಲಕ್ಷಣ ಇನ್ನೂ ಉಳಿದಿದೆ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಯುರೋಪಿನ ಆರು ಕೇಂದ್ರಗಳಲ್ಲಿ 312 ಮಂದಿಯನ್ನು ಒಳಗೊಂಡು ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬಗೆಯ ಬೆಂಬಲ ಪಡೆದವರ ಪೈಕಿ ಶೇ. 55ರಷ್ಟು ಮಂದಿಯೂ ರೂಢಿಯ ವೃತ್ತಿ ತರಬೇತಿ ಪಡೆದವರ ಪೈಕಿ ಶೇ. 28ರಷ್ಟು ಮಂದಿಯೂ ಹದಿನೆಂಟು ತಿಂಗಳಲ್ಲಿ ಕನಿಷ್ಠ ಒಂದು ದಿನವಾದರೂ ಕೆಲಸ ಮಾಡಿದ್ದರು. ಅಂತರ ದೊಡ್ಡದು, ಆದರೆ ‘ಕನಿಷ್ಠ ಒಂದು ದಿನ’ ಎಂಬ ಅಳತೆಯನ್ನೂ ಗಮನಿಸಬೇಕು. ಕೆಲಸ ಸಿಕ್ಕ ಮರುದಿನದಿಂದ ಬೇಕಾಗುವ ಒತ್ತಾಸೆಯೇ ನನ್ನ ವೃತ್ತಿಯ ಮುಖ್ಯ ಭಾಗವೆಂದು ನಾನು ಅದರಿಂದಲೇ ತಿಳಿದುಕೊಂಡೆ.

ಕೆಲಸ ಹುಡುಕುವುದಕ್ಕೆ ಬೇಕಾದದ್ದು ಮುಖ್ಯವಾಗಿ ಓಡಾಟ. ಜಾಹೀರಾತು ಕಾಯದೆ ನೇರವಾಗಿ ಮಾಲೀಕರನ್ನು ಕಂಡು, ಮೊದಲ ಭೇಟಿಯಲ್ಲಿ ಏನನ್ನೂ ಬೇಡದೆ, ಅವರಲ್ಲಿ ಯಾವ ಕೆಲಸ ಹೇಗೆ ನಡೆಯುತ್ತದೆ ಎಂದಷ್ಟೇ ಕೇಳಿ ತಿಳಿಯುತ್ತೇನೆ.

ಕಾಯಿಲೆಯ ವಿಷಯವನ್ನು ಯಾರಿಗೆ, ಎಷ್ಟು ಹೇಳಬೇಕು ಎಂಬಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಸಹಾಯವಾದೀತೆಂದು ಎಣಿಸಿ, ಹೊಸದಾಗಿ ಸೇರಿದ್ದ ಯುವತಿಯೊಬ್ಬರ ರೋಗದ ಹೆಸರನ್ನು ಅವರನ್ನು ಕೇಳದೆಯೇ ಮೇಲ್ವಿಚಾರಕರಿಗೆ ತಿಳಿಸಿದೆ. ಅಂದಿನಿಂದ ಆಕೆಯ ಕೈಗೆ ನಗದು ಪೆಟ್ಟಿಗೆಯ ಕೀಲಿ ಬರುವುದು ನಿಂತಿತು, ಆಕೆ ಎದ್ದರೂ ಕುಳಿತರೂ ಯಾರೋ ಗಮನಿಸತೊಡಗಿದರು, ಮೂರನೆಯ ವಾರ ಆಕೆ ಕೆಲಸ ಬಿಟ್ಟರು. ಆ ನೋವಿಗೆ ನಾನೇ ಕಾರಣ. ಈಗ ಪ್ರತಿಯೊಬ್ಬರೊಂದಿಗೂ ಮೊದಲೇ ಕುಳಿತು, ಏನು ಹೇಳಬಹುದು, ಏನು ಕೂಡದು, ಯಾರು ಹೇಳಬೇಕು ಎಂಬುದನ್ನು ಅವರ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸುತ್ತೇನೆ. ಬಹುತೇಕ ಸಂದರ್ಭಗಳಲ್ಲಿ ರೋಗದ ಹೆಸರು ಬೇಕಾಗುವುದೇ ಇಲ್ಲ. ‘ಸೂಚನೆಗಳನ್ನು ಬರೆದು ಕೊಡಿ’, ‘ಗದ್ದಲ ಕಡಿಮೆಯಿರುವ ಜಾಗ ಕೊಡಿ’ ಎಂದು ಅಗತ್ಯವನ್ನು ಹೇಳಿದರೆ ಸಾಕು.

ಔಷಧಕ್ಕೂ ಕೆಲಸದ ವೇಳೆಗೂ ಇರುವ ನಂಟನ್ನು ನಾನು ತಡವಾಗಿ ಅರಿತೆ. ರಾತ್ರಿಯ ಗುಳಿಗೆಯ ಮಂಪರು ಬೆಳಿಗ್ಗೆ ಹತ್ತರವರೆಗೂ ಇಳಿಯದವರನ್ನು ಏಳು ಗಂಟೆಯ ಪಾಳಿಗೆ ಸೇರಿಸಿ, ತಡವಾಗಿ ಬಂದರೆಂದು ದೂರಿದರೆ ಅದು ಅನ್ಯಾಯ. ಪಾಳಿಯನ್ನು ಬದಲಿಸಬೇಕು, ಇಲ್ಲವೇ ಗುಳಿಗೆಯನ್ನು ಇನ್ನೂ ಬೇಗ ನುಂಗಬಹುದೇ ಎಂದು ಮನೋವೈದ್ಯರನ್ನು ಕೇಳಬೇಕು. ಬೈಪೋಲಾರ್ ಇರುವವರಲ್ಲಿ ನಿದ್ದೆಗೆಡುವುದು ಉನ್ಮಾದಕ್ಕೆ ದಾರಿ ಮಾಡಬಲ್ಲದಾದ್ದರಿಂದ ರಾತ್ರಿ ಪಾಳಿಯ ಬಗ್ಗೆ ಎಚ್ಚರ ಬೇಕು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಔಷಧ ಸೇವಿಸುವವರು ಬಿಸಿಲಲ್ಲಿ ಬೆವರು ಸುರಿಸಿ ದುಡಿದು ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಆದ್ದರಿಂದಲೇ ವೈದ್ಯರ ವಾರದ ಸಭೆಯಲ್ಲಿ ನನಗೂ ಒಂದು ಕುರ್ಚಿ ಬೇಕೆಂದು ಹಟ ಹಿಡಿದು ಪಡೆದೆ.

ಲಕೋಟೆಯ ಪ್ರಶ್ನೆ ಕೇಳಿದವರಿಗೆ ಐದು ವಾರಗಳಲ್ಲಿ ಮತ್ತೊಂದು ಗೋದಾಮಿನಲ್ಲಿ ದಿನಕ್ಕೆ ನಾಲ್ಕು ಗಂಟೆಯ ಕೆಲಸ ಸಿಕ್ಕಿತು. ಎಂಟನೆಯ ತಿಂಗಳಲ್ಲಿ ಅವರಿಗೆ ಕಿವಿಯೊಳಗಿನ ದನಿಗಳು ಮತ್ತೆ ಹೆಚ್ಚಿದವು. ಆರಂಭದ ಲಕ್ಷಣಗಳೇನು, ಆಗ ಯಾರಿಗೆ ಕರೆ ಮಾಡಬೇಕು ಎಂಬುದು ಅವರ ಹಾಳೆಯಲ್ಲಿ ಇದ್ದುದರಿಂದ ಮೂರು ವಾರಗಳ ರಜೆ, ಔಷಧದ ಸಣ್ಣ ಬದಲಾವಣೆ, ಮೊದಲ ಹದಿನೈದು ದಿನ ಎರಡೇ ಗಂಟೆಯ ದುಡಿಮೆ ಎಂಬ ಕ್ರಮದಲ್ಲಿ ಅವರು ಕೆಲಸಕ್ಕೆ ಮರಳಿದರು. ಕಳೆದ ಬಾರಿ ಆ ಹಾಳೆಯನ್ನು ತಿದ್ದಲು ಕುಳಿತಾಗ, ಕರೆ ಮಾಡಬೇಕಾದವರ ಪಟ್ಟಿಯಲ್ಲಿ ಮೊದಲಿದ್ದ ನನ್ನ ಹೆಸರನ್ನು ಅವರು ಎರಡನೆಯ ಸಾಲಿಗೆ ಇಳಿಸಿ, ಮೊದಲ ಸಾಲಿನಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಯ ಹೆಸರು ಬರೆದರು. ತಮ್ಮ ಕಾಯಿಲೆಯ ವಿಷಯವನ್ನು ಅವರೇ ಆ ಗೆಳೆಯರಿಗೆ ಹೇಳಿಕೊಂಡಿದ್ದರು.