ಮಿಶಿಗನ್‌ನ ಅಂಗಳದಲ್ಲಿ ದರಕು

ಆಗ್ನೇಯ ಮಿಶಿಗನ್‌ನಲ್ಲಿ ಮನೆ ಕೊಂಡಾಗ ಅಂಗಳದ ಎರಡು ಮೇಪಲ್ ಮರಗಳನ್ನೂ ಒಂದು ಓಕ್ ಮರವನ್ನೂ ಕಂಡು ಹಿಗ್ಗಿದ್ದೆವು. ಅವು ಉದುರಿಸುವ ಒಣ ಎಲೆಯನ್ನು, ನಮ್ಮೂರಿನ ಮಾತಿನಲ್ಲಿ ದರಕನ್ನು, ಏನು ಮಾಡಬೇಕೆಂಬ ಪ್ರಶ್ನೆ ಎದುರಾದದ್ದು ಅಕ್ಟೋಬರ್ ಬಂದ ಮೇಲೆಯೇ. ಈ ರಾಜ್ಯದಲ್ಲಿ 1995ರಿಂದ ಅಂಗಳದ ಎಲೆ, ಹುಲ್ಲುಗಳನ್ನು ಕಸ ಹೂಳುವ ಜಾಗಕ್ಕೆ ಕಳಿಸುವಂತಿಲ್ಲವಾದ್ದರಿಂದ ಅವನ್ನು ಪ್ರತ್ಯೇಕವಾಗಿ ಕಾಗದದ ಚೀಲಗಳಲ್ಲಿ ತುಂಬಿಡಬೇಕು. ಮೊದಲ ವರ್ಷ 38 ಚೀಲ ತುಂಬಿದೆ. ಆಗ ನಮ್ಮಲ್ಲಿಗೆ ಬಂದಿದ್ದ ಆಯಿ, "ದರಕನ್ನು ಬೀದಿಗೆ ಇಡ್ತೀಯಲ್ಲೋ ತಮಾ" ಎಂದು ನಿಜವಾಗಿಯೂ ನೊಂದುಕೊಂಡಳು. ಶಿರಸಿಯ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ, ದರಕು ಗುಡಿಸಿ, ಕೊಟ್ಟಿಗೆಗೆ ಹಾಸಿ, ಅದನ್ನೇ ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹೊತ್ತವಳು ಅವಳು.

ಎರಡನೆಯ ವರ್ಷ ನಾನು ಇನ್ನೊಂದು ತುದಿಗೆ ಹೋದೆ. ಎಲ್ಲ ಎಲೆಯೂ ಉದುರಲಿ, ಒಮ್ಮೆಗೇ ಬಾಚೋಣವೆಂದು ಕಾದೆ. ಓಕ್ ತನ್ನ ಎಲೆಯನ್ನು ಬಿಡಲು ಅವಸರಪಡುವುದಿಲ್ಲ. ಅಷ್ಟರಲ್ಲಿ ನವೆಂಬರ್ ನಡುವೆಯೇ ಹಿಮ ಬಿದ್ದು, ಕೆಳಗಿನ ಎಲೆಗಳು ಒದ್ದೆ ಕಾಗದದ ಕಂತೆಯಂತೆ ನೆಲಕ್ಕೆ ಅಂಟಿಕೊಂಡವು. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಹುಲ್ಲುಹಾಸಿನಲ್ಲಿ ಬೂದುಬಿಳಿ ಬಣ್ಣದ ಗುಂಡು ಗುಂಡು ಕಲೆಗಳಿದ್ದವು. ಹಿಮದಡಿಯ ತೇವದಲ್ಲಿ ಬೆಳೆಯುವ ಬೂಷ್ಟಿನ ಕೆಲಸ ಅದು.

ಕಾರಣ ಆಮೇಲೆ ಅರ್ಥವಾಯಿತು. ಇಲ್ಲಿಯ ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ ಮೊದಲಾದವು ತಂಪು ಹವೆಯ ಹುಲ್ಲುಗಳು. ಬೇಸಿಗೆಯಲ್ಲಿ ಬಳಲಿ, ಶರತ್ಕಾಲದಲ್ಲಿ ಬೇರು ಬಿಟ್ಟು ಚಳಿಗಾಲಕ್ಕೆ ಆಹಾರ ಕೂಡಿಡುತ್ತವೆ. ಮರ ಬೋಳಾಗಿ ಬೆಳಕು ನೆಲಕ್ಕೆ ತಲುಪುವ ಆ ಕೆಲವೇ ವಾರಗಳಲ್ಲಿ ನಾವು ಎಲೆಯ ಹೊದಿಕೆ ಹೊದಿಸಿಬಿಟ್ಟರೆ ಅವುಗಳ ಅನ್ನವನ್ನೇ ಕಸಿದಂತೆ.

ಮೂರನೆಯ ವರ್ಷದಿಂದ ಬಾಚುವುದನ್ನು ಬಹುಮಟ್ಟಿಗೆ ಬಿಟ್ಟು, ಹುಲ್ಲು ಕತ್ತರಿಸುವ ಯಂತ್ರವನ್ನೇ ಎಲೆಯ ಮೇಲೆ ಓಡಿಸುತ್ತಿದ್ದೇನೆ. ಅದರ ಚೀಲವನ್ನು ಕಳಚಿ, ಅಲಗನ್ನು ಹರಿತ ಮಾಡಿಸಿ, ಎತ್ತರವನ್ನು 3 ಇಂಚಿಗೆ ಇಟ್ಟು, ಒಮ್ಮೆ ಉದ್ದಕ್ಕೆ, ಇನ್ನೊಮ್ಮೆ ಅಡ್ಡಕ್ಕೆ ಓಡಿಸಿದರೆ ಎಲೆ ಬೆರಳ ಉಗುರಿಗಿಂತ ಚಿಕ್ಕ ಚೂರುಗಳಾಗಿ ಹುಲ್ಲಿನ ಎಸಳುಗಳ ನಡುವೆ ಇಳಿಯುತ್ತದೆ. ಇಬ್ಬನಿ ಆರಿದ ಮಧ್ಯಾಹ್ನವೇ ಇದಕ್ಕೆ ತಕ್ಕ ಹೊತ್ತು. ಒದ್ದೆ ಎಲೆ ಚೂರಾಗದೆ ಯಂತ್ರದ ಒಳಮೈಗೆ ಮೆತ್ತಿಕೊಳ್ಳುತ್ತದೆ. ಎಲೆ ಜೋರಾಗಿ ಉದುರುವ ಅಕ್ಟೋಬರ್ ಕೊನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಓಡಿಸಬೇಕಾಗುತ್ತದೆ, ಆದರೆ ಪ್ರತಿ ಸಲದ ಕೆಲಸ ಅರ್ಧ ಗಂಟೆಯದು. ಪಕ್ಕದ ಮನೆಯವರ ಎಲೆ ಊದುವ ಯಂತ್ರ ಅದರ ಮೂರು ಪಟ್ಟು ಹೊತ್ತು ಬೊಬ್ಬಿಡುತ್ತದೆ.

ಇದಕ್ಕೂ ಮಿತಿಯಿದೆ. ಓಡಿಸಿ ಮುಗಿಸಿದ ಮೇಲೆ ನಿಂತು ನೋಡಿದಾಗ ಹಸಿರಿಗಿಂತ ಕಂದು ಹೆಚ್ಚು ಕಂಡರೆ ಎಲೆ ಅತಿಯಾಗಿದೆ ಎಂದೇ ಲೆಕ್ಕ. ಆ ಹೆಚ್ಚಿನದನ್ನು ಹಿತ್ತಲಿನ ತಂತಿಬಲೆಯ ಗೂಡಿಗೆ ಸುರಿಯುತ್ತೇನೆ. ಒಣ ಎಲೆಯಲ್ಲಿ ಸಾರಜನಕ ಕಡಿಮೆಯಿರುವುದರಿಂದ ಬರೀ ಎಲೆಯ ರಾಶಿ ಕೊಳೆಯಲು ಒಂದೆರಡು ವರ್ಷ ಹಿಡಿಯುತ್ತದೆ. ಹಸಿ ಹುಲ್ಲಿನ ಚೂರು ಬೆರೆಸಿ ಆಗಾಗ ಮಗುಚಿದರೆ ಬೇಗ ಗೊಬ್ಬರವಾಗುತ್ತದೆ. ಓಕ್ ಎಲೆ ಮಣ್ಣನ್ನು ಹುಳಿ ಮಾಡುತ್ತದೆಂದು ಹಲವರು ಹೆದರಿಸಿದ್ದರು. ಹೊಸ ಎಲೆಯಲ್ಲಿ ಹುಳಿ ಇರುವುದು ನಿಜ, ಕೊಳೆಯುತ್ತ ಅದು ಹೋಗುತ್ತದೆ.

ರಸ್ತೆಯಂಚಿಗೆ ಬಿದ್ದ ಎಲೆಯನ್ನು ಮಾತ್ರ ಮಳೆಗೆ ಮೊದಲೇ ಒಳಗೆ ಎಳೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ನೆನೆದ ಎಲೆಯಿಂದ ರಂಜಕ ಸೋರಿ, ಚರಂಡಿಯ ಮೂಲಕ ಹೊಳೆ, ಕೆರೆಗಳನ್ನು ಸೇರಿ ಪಾಚಿ ಬೆಳೆಸುತ್ತದೆ. ಪೊದೆಗಳ ಬುಡದ ಎಲೆಯನ್ನು ಮುಟ್ಟುವುದೇ ಇಲ್ಲ. ಕೆಲವು ಪತಂಗಗಳು ಚಳಿಗಾಲ ಕಳೆಯುವುದು ಅದರಡಿಯಲ್ಲಿ.

ನವೆಂಬರ್ ಕೊನೆಗೆ ಯಂತ್ರವನ್ನು ಒಳಗಿಡುತ್ತೇನಾದರೂ ಅದರ ಪೆಟ್ರೋಲನ್ನು ಪೂರ್ತಿ ಬರಿದು ಮಾಡುವ ಮೊದಲು ಓಕ್ ಮರವನ್ನೊಮ್ಮೆ ನೋಡಿಕೊಳ್ಳುತ್ತೇನೆ. ಕೆಳಗಿನ ಕೊಂಬೆಗಳಲ್ಲಿ ಕಂದು ಎಲೆ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಅದು ಉದುರುವುದು ಏಪ್ರಿಲ್‌ನಲ್ಲಿ, ಹೊಸ ಚಿಗುರು ತಳ್ಳಿದಾಗ.