ಮೂಲವೋ, ನಕಲೋ: ನನ್ನ ಪಾಠದ ಒಂದು ವಾರ

ಸೋಮವಾರ ಬೆಳಗಿನ ಮೊದಲ ಪಿರಿಯಡ್. ಸಾಗರದ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ನಾಡಕಚೇರಿಯಲ್ಲಿ ಪಹಣಿ ಕೊಡ್ತಾರಲ್ವಾ, ಅದು ಮೂಲವಾ, ನಕಲಾ?"

ಕರಾವಳಿಯ ಒಂದು ಲಾ ಕಾಲೇಜಿನಲ್ಲಿ ನಾನು ಸಾಕ್ಷ್ಯ ಕಾನೂನು ಮತ್ತು ತಂತ್ರಜ್ಞಾನ ಕಾನೂನು ಹೇಳಿಕೊಡುತ್ತೇನೆ. ಅವತ್ತಿಗೆ ಬೇರೆ ಪಾಠ ತಯಾರಿ ಮಾಡಿಕೊಂಡು ಹೋಗಿದ್ದೆ. ಈ ಪ್ರಶ್ನೆ ಕೇಳಿದ ಮೇಲೆ ಅದನ್ನು ಬದಿಗಿಟ್ಟೆ.

ಮೊದಲು ಗ್ರಾಮ ಲೆಕ್ಕಿಗರು ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ಆ ಪುಸ್ತಕ ಮೂಲ, ನಮಗೆ ಬರೆದು ಕೊಟ್ಟದ್ದು ನಕಲು. 'ಭೂಮಿ' ಯೋಜನೆ ಬಂದು ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ಮೂಲ ಎಂದು ತೋರಿಸುವ ಕಾಗದವೇ ಇಲ್ಲ. ಇರುವುದು ಸರ್ವರಿನಲ್ಲಿರುವ ಮಾಹಿತಿ. ಪ್ರಿಂಟ್ ಆಗಿ ಕೈಗೆ ಬಂದ ಹಾಳೆಯನ್ನು ಕೆಲವು ಷರತ್ತುಗಳ ಮೇಲೆ ದಾಖಲೆ ಎಂದೇ ಒಪ್ಪುತ್ತೇವೆ ಎನ್ನುತ್ತದೆ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಕಲಂ 63. ಹಳೆಯ ಕಾಯ್ದೆಯಲ್ಲಿ 65ಬಿ.

ಈ ಕಲಂ ನನಗೆ ಬರೀ ಪಾಠವಲ್ಲ. ವಕೀಲಿ ಮಾಡುತ್ತಿದ್ದಾಗ ಒಂದು ಹಣದ ವ್ಯವಹಾರದ ಕೇಸಿನಲ್ಲಿ ಫೋನ್ ಮಾತುಕತೆಯ ಸಿ.ಡಿ. ಹಾಜರುಪಡಿಸಿದ್ದೆ. ಜೊತೆಗೆ ಈ ಕಲಂ ಕೇಳುವ ಪ್ರಮಾಣಪತ್ರ, ಅಂದರೆ ದಾಖಲೆ ಯಾವ ಸಾಧನದಿಂದ ಹೇಗೆ ಬಂತು ಎಂದು ಸಹಿ ಹಾಕಿ ಹೇಳುವ ಪತ್ರ, ಇಟ್ಟಿರಲಿಲ್ಲ. ಆಗ ಅದಿಲ್ಲದೆಯೂ ನಡೆಯುತ್ತಿತ್ತು. 2014ರ ಸೆಪ್ಟೆಂಬರಿನಲ್ಲಿ ಕೇರಳದ ಒಂದು ಚುನಾವಣಾ ತಕರಾರಿನಲ್ಲಿ, ಅಂದರೆ ಅನ್ವರ್ ಪ್ರಕರಣದಲ್ಲಿ, ಪ್ರಮಾಣಪತ್ರ ಇಲ್ಲದ ಸಿ.ಡಿ.ಗಳನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನನ್ನ ಸಿ.ಡಿ.ಯೂ ಬಿದ್ದುಹೋಯಿತು. ಕಕ್ಷಿದಾರರು ವಯಸ್ಸಾದ ಹೆಂಗಸು. "ಅವನ ದನಿ ಅದರಲ್ಲಿ ಉಂಟಲ್ಲ ಅಮ್ಮಾ" ಎಂದು ಎರಡು ಸಲ ಕೇಳಿದರು. ಪ್ರಮಾಣಪತ್ರದ ಪಾಠ ಮಾಡುವಾಗಲೆಲ್ಲ ಆ ಮಾತು ನೆನಪಾಗುತ್ತದೆ. ಅದಕ್ಕೇ ಇದನ್ನು ಬಾಯಿಪಾಠ ಮಾಡಿಸುವುದಿಲ್ಲ, ಕೈಯಲ್ಲಿ ಮಾಡಿಸುತ್ತೇನೆ.

ಮಂಗಳವಾರ ಅದನ್ನೇ ಮಾಡಿದೆವು. ಹೊಸ ಪ್ರಮಾಣಪತ್ರದಲ್ಲಿ ಎರಡು ಭಾಗ ಇದೆ. ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಎಂದುಕೊಳ್ಳಿ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಫೈಲು ಎಷ್ಟೇ ದೊಡ್ಡದಿರಲಿ, 64 ಅಕ್ಷರ-ಅಂಕೆಗಳ ಒಂದು ಸಾಲು ಸಿಗುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದಕ್ಕೆ ಸಾಕು, ಬೇರೆ ಸಾಫ್ಟ್‌ವೇರ್ ಬೇಡ. ಒಂದು ಕನ್ನಡ ವಾಕ್ಯ ಟೈಪ್ ಮಾಡಿ ಹ್ಯಾಶ್ ತೆಗೆದೆವು. ಕೊನೆಯ ಚುಕ್ಕಿ ಅಳಿಸಿ ಮತ್ತೆ ತೆಗೆದೆವು. ಸಾಲಿಗೆ ಸಾಲೇ ಬದಲಾಯಿತು.

ಆಮೇಲೆ ಒಂದು ಫೋಟೋವನ್ನು ಒಬ್ಬನ ಫೋನಿನಿಂದ ಇನ್ನೊಬ್ಬಳ ಫೋನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆವು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ. ಕಳಿಸುವಾಗ ಆ್ಯಪ್ ಫೋಟೋವನ್ನು ಕುಗ್ಗಿಸುತ್ತದೆ. ಅದೇ ಫೋಟೋವನ್ನು ಡಾಕ್ಯುಮೆಂಟ್ ಎಂದು ಕಳಿಸಿದಾಗ ಹ್ಯಾಶ್ ತಾಳೆಯಾಯಿತು. ಕಕ್ಷಿದಾರರು "ಫೋಟೋ ಕಳಿಸಿದ್ದೇನೆ ನೋಡಿ" ಎಂದರೆ ಅಷ್ಟಕ್ಕೇ ಬಿಡಬೇಡಿ, ಮೊದಲು ತೆಗೆದ ಫೋನನ್ನೇ ಜೋಪಾನ ಮಾಡಿಸಿ ಎಂದೆ.

ಬುಧವಾರ ಅಸೈನ್‌ಮೆಂಟ್ ತಿದ್ದುವ ದಿನ. ಎರಡು ಉತ್ತರಗಳಲ್ಲಿದ್ದ ತೀರ್ಪುಗಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಚಾಟ್‌ಬಾಟ್ ಕಟ್ಟಿದ ಹೆಸರುಗಳು. ಇದು ನಕಲೂ ಅಲ್ಲ, ಏಕೆಂದರೆ ಮೂಲವೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ದನ್ನು ಹೇಳಿದೆ. ಅಂಕ ಕಳೆಯಲಿಲ್ಲ. ಇ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳು ಉಚಿತವಾಗಿ ಸಿಗುತ್ತವೆ. ಅಲ್ಲಿಂದ ನಿಜವಾದ ಒಂದು ತೀರ್ಪು ಓದಿ, ಪ್ಯಾರಾ ಸಂಖ್ಯೆ ಹಾಕಿ, ಮತ್ತೆ ಬರೆದು ತನ್ನಿ ಎಂದೆ. ತಂದರು.

ಗುರುವಾರ ಬಂದ ವಿಷಯ ನನಗೆ ತುಂಬ ಹತ್ತಿರದ್ದು. ಶನಿವಾರ ಕಾಲೇಜಿನಲ್ಲಿ ನಮ್ಮ ವಿದ್ಯಾರ್ಥಿಗಳ ಯಕ್ಷಗಾನ ಇತ್ತು. ಪದ್ಯ ಹಾಡುವ ಭಾಗವತರು ಮಾತ್ರ ಹೊರಗಿನವರು, ಅನುಭವಿ. ಆಟವನ್ನು ಯೂಟ್ಯೂಬಿನಲ್ಲಿ ಲೈವ್ ಬಿಡೋಣವಾ ಎಂದು ಹುಡುಗರು ಕೇಳಿದರು. ದುಬೈಯಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೂ ನೋಡುವ ಆಸೆಯಂತೆ.

ಆಡುವ ಪ್ರಸಂಗ, ಅಂದರೆ ಪದ್ಯದಲ್ಲಿರುವ ಕಥೆ, ಬಹಳ ಹಳೆಯದು, ಪದ್ಯಗಳಿಗೆ ಕಾಪಿರೈಟ್ ಮುಗಿದುಹೋಗಿದೆ. ಆದರೆ ಅರ್ಥಗಾರಿಕೆ? ಅದು ಯಾರೂ ಬರೆದಿಟ್ಟದ್ದಲ್ಲ, ರಂಗದ ಮೇಲೆ ಆ ಕ್ಷಣಕ್ಕೆ ಹುಟ್ಟುವ ಮಾತು. ನಾಟಕ ಕೃತಿಯ ರೂಪ ಬರಹದಲ್ಲೋ ಇನ್ನೊಂದು ರೀತಿಯಲ್ಲೋ ನೆಲೆಗೊಂಡಿರಬೇಕು ಎನ್ನುತ್ತದೆ 1957ರ ಕಾಪಿರೈಟ್ ಕಾಯ್ದೆ. ಹಾಗಾದರೆ ರೆಕಾರ್ಡ್ ಬಟನ್ ಒತ್ತಿದ ಗಳಿಗೆಯಲ್ಲೇ ಅದು ಕೃತಿಯಾಗುತ್ತದಾ? ಆದರೆ ಯಾರದು, ಮಾತಾಡಿದವನದೋ, ರೆಕಾರ್ಡ್ ಮಾಡಿದವನದೋ? ಒಂದು ಗಂಟೆ ಜಗಳವೇ ನಡೆಯಿತು. ನನಗೆ ಬೇಕಾದದ್ದೂ ಅದೇ.

ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಪ್ರಕರಣವನ್ನು ಓದಿಸಿದೆ. ಕಾರಂತರ ಕಾಲಾನಂತರ, ಅವರು ರೂಪಿಸಿದ ಬ್ಯಾಲೆಯ ಹಕ್ಕು ಯಾರದು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಹಕ್ಕು ಉಯಿಲಿನಂತೆ ಅವರು ಬಿಟ್ಟುಕೊಟ್ಟವರಿಗೇ ಸೇರಿತು. ಆದರೂ ಕಾಯ್ದೆಯ ಕಲಂ 52 ಕೊಡುವ ರಿಯಾಯಿತಿಗಳು ಉಳಿಯುತ್ತವೆ ಎಂದಿತು ಕೋರ್ಟು. ಶಾಲೆ ಕಾಲೇಜಿನ ಪ್ರದರ್ಶನಕ್ಕೂ ಆ ಕಲಮಿನಲ್ಲಿ ಜಾಗ ಇದೆ. ಆದರೆ ಅದು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಕೂತಿರುವ ಸಭೆಗೆ. ಯೂಟ್ಯೂಬು ಆ ಸಭೆಯಲ್ಲ.

ಇನ್ನೊಂದು ಮಾತು ನಮ್ಮವರಿಗೆ ಮರೆತೇಹೋಗಿರುತ್ತದೆ. ಕೃತಿಯ ಕಾಪಿರೈಟ್ ಮುಗಿದರೂ ಹಾಡಿದವರಿಗೆ, ಕುಣಿದವರಿಗೆ ಪ್ರದರ್ಶಕರ ಹಕ್ಕು ಇದೆ, 50 ವರ್ಷ. ಮೇಳದ ಎಷ್ಟೋ ಹಿರಿಯರ ದನಿಯನ್ನು ಒಂದು ಮಾತೂ ಕೇಳದೆ ಫೋನಿನಲ್ಲಿ ಹಿಡಿದು ಹಂಚುತ್ತಾರೆ. ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಶುಕ್ರವಾರ ಸಂಜೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಭಾಗವತರ ಮನೆಗೆ ಹೋದೆ. ಒಪ್ಪಿಗೆ ಪತ್ರವನ್ನು ಒಂದೇ ಪುಟದಲ್ಲಿ, ಸರಳ ಕನ್ನಡದಲ್ಲಿ ಮಕ್ಕಳೇ ಬರೆದಿದ್ದರು. ಭಾಗವತರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ನೀವೇ ಮೊದಲು. ದುಡ್ಡು ಬೇಡ. ಹೆಸರು ಹಾಕಿ. ಮತ್ತೆ ಪದ್ಯವನ್ನು ನಡುವೆ ತುಂಡು ಮಾಡಿ ಎಲ್ಲೆಲ್ಲಿಗೋ ಹಾಕಬೇಡಿ" ಎಂದರು.

ಹೊರಗೆ ಬಂದ ಮೇಲೆ ಮಕ್ಕಳಿಗೆ ಹೇಳಿದೆ: ಅವರು ಕೇಳಿದ ಎರಡೂ ಕಾಪಿರೈಟ್ ಕಾಯ್ದೆಯ ಕಲಂ 38ಬಿಯಲ್ಲಿ ಇವೆ. ಪ್ರದರ್ಶಕರೆಂದು ಹೆಸರು ಹೇಳಿಸಿಕೊಳ್ಳುವುದು, ತಮ್ಮ ಹೆಸರಿಗೆ ಕುಂದು ತರುವ ಹಾಗೆ ತಿರುಚುವುದನ್ನು ತಡೆಯುವುದು. 2012ರಲ್ಲಿ ಸೇರಿದ ಕಲಂ. ಅವರು ಅದನ್ನು ಓದಿದವರಲ್ಲ.

ಶನಿವಾರ ಆಟ ಚೆನ್ನಾಗಿ ಆಯಿತು. ವೇಷ ಕಟ್ಟಿದ ಮಕ್ಕಳ ಒಪ್ಪಿಗೆಯನ್ನೂ ಮೊದಲೇ ಪಡೆದು ಲೈವ್ ಬಿಟ್ಟೆವು. ದುಬೈಯ ಹುಡುಗಿ ಕೊನೆಯವರೆಗೂ ನೋಡಿದಳು. ರಾತ್ರಿ ಪೂರ್ತಿ ವಿಡಿಯೋದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದರ ಹ್ಯಾಶ್ ತೆಗೆದು, ಒಪ್ಪಿಗೆ ಪತ್ರದಲ್ಲಿ ಭಾಗವತರ ಸಹಿಯ ಕೆಳಗೆ ಬರೆದೆವು. ಪಹಣಿಯ ಪ್ರಶ್ನೆ ಕೇಳಿದ ಹುಡುಗಿಯೇ 64 ಅಕ್ಷರಗಳನ್ನೂ ಒಂದೊಂದಾಗಿ ಓದಿ ಹೇಳಿದಳು. ಸೋಮವಾರ ಪೆನ್‌ಡ್ರೈವ್ ಭಾಗವತರ ಮನೆ ತಲುಪಿತು.